ಬಾನೆಟ್ಟಿನೊಳಗಿನ ಟಿಕ್ ಟಿಕ್

ಆ ಭಾನುವಾರ ಬೆಳಿಗ್ಗೆ ದರ್ಜಿಯ ಹಳೇ ಕಾರು ಸ್ಟಾರ್ಟ್ ಆಗಿಬಿಟ್ಟಿತು. ಅದರ ಆರ್ಭಟಕ್ಕೆ ಬೀದಿಯ ಕಾಗೆಗಳೆಲ್ಲ ಗುಳೆ ಎದ್ದವು. ಮದುವೆಯಾದಂದಿನಿಂದ ಕಿವಿ ಕೇಳಿಸದ ಎದುರುಮನೆ ತಾತ ಹೊರಗೆ ಬಂದು, “ಯಾರಪ್ಪಾ ಕರೆದದ್ದು?” ಅಂದ. ಹೊಗೆಯಂತೂ ಕೇಳಬೇಡಿ, ಪಕ್ಕದ ಬೀದಿಯವರು ಸಂಜೆಯಾಯಿತೆಂದು ದೀಪ ಹಾಕಿಕೊಂಡರು. ಅದು ಕರಗಿದ ಮೇಲೆ ನೋಡಿದರೆ ದರ್ಜಿ ಸ್ಟಿಯರಿಂಗ್ ಹಿಡಿದು ಕೂತಿದ್ದಾನೆ, ಪರೀಕ್ಷೆಯಲ್ಲಿ ಫೇಲಾದವನ ಮುಖ ಹೊತ್ತು.

ಕಾರಣವಿತ್ತು. ಅಂಗಳವನ್ನೆಲ್ಲ ನುಂಗಿ ಕೂತಿದ್ದ ಆ ಕಾರಿನ ಮೇಲೇ ಒದ್ದೆ ಬಟ್ಟೆ ಒಣಹಾಕಿ ಒಣಹಾಕಿ ಸಾಕಾದ ಹೆಂಡತಿಗೆ ಅವನು ನೆಂಟರಿಷ್ಟರೆಲ್ಲರ ಎದುರು ಎದೆ ತಟ್ಟಿ ಮಾತು ಕೊಟ್ಟಿದ್ದ: “ಓಡೋ ಹಾಗೆ ಮಾಡ್ತೀನಿ ಕಣೇ. ಓಡಿದ ದಿನವೇ ಮಾರಿಬಿಡ್ತೀನಿ!”

ಹಾಗಿದ್ದರೆ ಸರಿ ಮಾಡಿದ್ದಾದರೂ ಯಾಕೆ ಅಂತೀರಾ? ಕೈ ಕೇಳಬೇಕಲ್ಲ! ಇರುವೆಯೂ ಎಡವದಷ್ಟು ನಯವಾಗಿ ಹೊಲಿಗೆ ಹಾಕುವ ಕೈ ಅದು. ಯಾವುದನ್ನೂ ಸೊಟ್ಟಗೆ ಬಿಟ್ಟು ಏಳುವುದು ಅದರ ಜಾಯಮಾನದಲ್ಲೇ ಇಲ್ಲ. ಕಾರಿನ ಕೆಲಸಕ್ಕೂ ಅವನದು ದರ್ಜಿಯ ದಾರಿಯೇ. ಕೊರಳಲ್ಲಿ ಟೇಪು. ರಬ್ಬರ್ ಕೊಳವೆಗೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುವುದು, ಪೆಟ್ರೋಲ್ ಇಳಿಯುವ ಕೂದಲೆಳೆಯಂಥ ತೂತನ್ನು ಸೂಜಿಯಿಂದ ಬಿಡಿಸಿ ಊದುವುದು, ಬಿಚ್ಚಿದ ತಿರುಪುಗಳನ್ನು ಗುಂಡಿ ಡಬ್ಬಿಗಳಲ್ಲಿ ವಿಂಗಡಿಸಿಡುವುದು. ಲೋಕದ ಅರ್ಧ ಜನ ಅವನ ಅಂಗಡಿ ಬಾಗಿಲಲ್ಲಿ ನಿಂತು “ಮಾಸ್ಟ್ರೇ, ನಾಳೆ ಕೊಡ್ತೀರಾ?” ಎಂದು ಪ್ರಾಣ ಹಿಂಡುತ್ತಿದ್ದರು. ಆ ಕಾರು ಮಾತ್ರ ಒಂದು ದಿನವೂ ‘ಯಾವಾಗ’ ಅಂತ ಕೇಳಿದ್ದಿಲ್ಲ. ಅದರ ಹೊಟ್ಟೆಯೊಳಗೆ ತಲೆ ಇಟ್ಟನೆಂದರೆ ಗ್ರೀಸಿನ ವಾಸನೆ, ತಣ್ಣನೆಯ ಕಬ್ಬಿಣ, ಕಣ್ಣಿಗೆ ಕಾಣದ ಮೂಲೆಯಲ್ಲಿ ಒಂದು ನಟ್ಟು ಬೆರಳಿಗೆ ಸಿಕ್ಕಿ ಕೊನೆಗೂ ಅರ್ಧ ಸುತ್ತು ತಿರುಗಿದ ನೆಮ್ಮದಿ. ಅಷ್ಟು ಹೊತ್ತು ಅವನಿಗೆ ನಾಳೆ ಎಂಬುದೇ ಇರಲಿಲ್ಲ.

ಆದರೂ ಕೊಟ್ಟ ಮಾತು ಮಾತೇ. ಫೋಟೋ ಸ್ಟುಡಿಯೋದವನಿಗೆ ಅವತ್ತೇ ಫೋನು ಮಾಡಿದ. ಜೋಡಿಗಳನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯಲು ಹಳೇ ಕಾರೊಂದು ಬೇಕೆಂದು ಅವನು ಬಹಳ ದಿನದಿಂದ ಗಂಟುಬಿದ್ದಿದ್ದ. ಮುಂದಿನ ಭಾನುವಾರ ಬಂದು ಒಯ್ಯುತ್ತೇನೆ ಅಂದ.

ನಡುವಿನ ಆ ವಾರ ಮನೆಯಲ್ಲಿ ಪ್ರಳಯ. ಕಾರಿನಲ್ಲಿ ಕೆಲಸ ಮುಗಿದ ಕೈ ಒಳಕ್ಕೆ ನುಗ್ಗಿತು. ಬಾಗಿಲುಗಳಿಗೆಲ್ಲ ಎಣ್ಣೆ ಬಿತ್ತು. ಯಾರು ಬಂದರು ಯಾರು ಹೋದರು ಒಂದೂ ತಿಳಿಯದೆ ಹೆಂಡತಿ ಹೊತ್ತಿಗೊಮ್ಮೆ ಬೆಚ್ಚಿಬಿದ್ದಳು. ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ಸಿಪಾಯಿಗಳಂತೆ ಸಾಲಾಗಿ ನಿಂತವು. ಚಹಾಕ್ಕೆ ಉಪ್ಪು ಬಿತ್ತು.

“ಈ ಸೌಟಿನ ಹಿಡಿ ಸ್ವಲ್ಪ ಅಲ್ಲಾಡುತ್ತೆ ಕಣೇ. ಬಿಚ್ಚಲಾ?”

“ಮುಟ್ಟಿದ್ರೆ ನೋಡಿ ಮತ್ತೆ! ಅದು ನಿಮ್ಮಮ್ಮನ ಕಾಲದಿಂದ ಅಲ್ಲಾಡ್ತಾನೇ ಇದೆ. ಅಲ್ಲಾಡ್ಲಿ.”

ಅವನು ಸೌಟನ್ನು ಕೆಳಗಿಟ್ಟು ಕಿಟಕಿಯ ಬಳಿ ಹೋದ. ಅಂಗಳದಲ್ಲಿ ಕಾರು, ಸೂರ್ಯನೇ ಬಗ್ಗಿ ತಲೆ ಬಾಚಿಕೊಳ್ಳುವಷ್ಟು ಮಿರುಗುತ್ತಿತ್ತು. ಗ್ರೀಸಿನ ಕಪ್ಪೆಲ್ಲ ತೊಳೆದುಹೋದ ಅಂಗೈಗಳನ್ನು ಏನು ಮಾಡಬೇಕೆಂದು ತೋಚದೆ ಒಂದಕ್ಕೊಂದು ಹೊಸೆಯುತ್ತ, ಬಹಳ ಹೊತ್ತು ಅಲ್ಲೇ ನಿಂತಿದ್ದ. ಬೆನ್ನ ಹಿಂದೆ ಪಾತ್ರೆಯ ಸದ್ದು ನಿಂತದ್ದು ಅವನ ಗಮನಕ್ಕೆ ಬರಲಿಲ್ಲ.

ಭಾನುವಾರ ಸ್ಟುಡಿಯೋದವನು ಬಂದ. ದರ್ಜಿ ಕೀಲಿ ತಿರುಗಿಸಿದ. ಈ ಸಲ ಆರ್ಭಟವಿಲ್ಲ, ಹೊಗೆಯಿಲ್ಲ. ಬಾನೆಟ್ಟಿನ ಮೇಲೆ ಮಲಗಿದ್ದ ಬೆಕ್ಕು ಕಣ್ಣು ಕೂಡ ಬಿಡಲಿಲ್ಲ.

“ರೇಷ್ಮೆ, ಮಾಸ್ಟ್ರೇ, ರೇಷ್ಮೆ!” ಎಂದು ಸ್ಟುಡಿಯೋದವನು ಕೀಲಿಗೆ ಕೈ ಚಾಚಿದ.

“ತಡೀರಿ,” ಅಂದಳು ಹೆಂಡತಿ. ಸ್ಪ್ಯಾನರಿಗೂ ಇಕ್ಕಳಕ್ಕೂ ವ್ಯತ್ಯಾಸ ತಿಳಿಯದವಳು ಬಂದು, ಬೆಕ್ಕನ್ನು ಎತ್ತಿ ಕೆಳಗಿಳಿಸಿ, ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಗತ್ತಿನಲ್ಲಿ ಬಾನೆಟ್ಟಿಗೆ ಕಿವಿ ಇಟ್ಟಳು. “ಕೇಳಿಸ್ತಾ? ಒಳಗೆ ಟಿಕ್ ಟಿಕ್ ಅಂತಿದೆ.”

ದರ್ಜಿ ಕಣ್ಣುಮುಚ್ಚಿ ಆಲಿಸಿದ. ಇಂಜಿನ್ನು ನಿದ್ದೆಹೋದ ಮಗುವಿನಂತೆ ಉಸಿರಾಡುತ್ತಿತ್ತು. “ಇಲ್ವಲ್ಲೇ. ನನಗೇನೂ ಕೇಳಿಸ್ತಿಲ್ಲ,” ಅಂದ, ಸುಳ್ಳು ಹೇಳಲು ಬಾರದ ಬಡಪಾಯಿ.

“ಹೊಲಿಗೆ ಮೆಷಿನ್ ಸದ್ದು ಕೇಳಿ ಕೇಳಿ ನಿಮ್ಮ ಕಿವಿ ಮಂದ ಆಗಿದೆ. ಏನಪ್ಪಾ, ನೀನು ವಯಸ್ಸಿನ ಹುಡುಗ, ಕಿವಿ ಚುರುಕಾಗಿರುತ್ತೆ. ನೀನು ಕೇಳು.”

ಸ್ಟುಡಿಯೋದವನು ಕಿವಿ ಇಟ್ಟ. ಆಕೆಯ ಕಣ್ಣು ಅವನ ಮೇಲೆ ನೆಟ್ಟಿತ್ತು. ಆ ಕಣ್ಣಿಗೆ ಗೋಡೆಯೂ ಹೌದು ಅನ್ನುತ್ತಿತ್ತು. “ಹೂಂ... ಅಂದ್ರೆ... ಏನೋ ಇದೆ ಅನ್ಸುತ್ತಮ್ಮಾ.”

“ನೋಡಿದ್ರಾ! ಬಿಟ್ಟುಹೋದ ಹೊಲಿಗೆ ಇಟ್ಕೊಂಡು ಒಂದು ಅಂಗಿನಾದ್ರೂ ಈ ಮನೆಯಿಂದ ಆಚೆ ಹೋಗಿದ್ಯಾ? ಸರಿಹೋದ ಮೇಲೆ ಹೇಳಿ ಕಳಿಸ್ತೀವಪ್ಪಾ, ಹೋಗಿ ಬಾ.”

ಅವನು ಹೋದ. ದರ್ಜಿ ಬಾನೆಟ್ ಎತ್ತಿ ಬಗ್ಗಿದ. ಎಡಕ್ಕೆ ಆಲಿಸಿದ, ಬಲಕ್ಕೆ ಆಲಿಸಿದ, ಉಸಿರು ಬಿಗಿಹಿಡಿದು ಆಲಿಸಿದ.

“ಎಲ್ಲೇ ಇದೆ ಆ ಸದ್ದು?” ತಲೆ ಹೊರಗೆ ತೆಗೆಯದೆಯೇ ಕೂಗಿದ.

“ಅದನ್ನೆಲ್ಲ ನನ್ನ ಕೇಳ್ಬೇಡಿ, ಹುಡುಕಿ,” ಅಂದಳು ಹೆಂಡತಿ, ಒಳಗೆ ಹೋಗುತ್ತ. “ಬೇಗ ಸಿಕ್ಬಿಟ್ರೆ ಮಾತ್ರ ನಾನು ಒಪ್ಪೋದಿಲ್ಲ.”