ಹಿಂದಿನ ಎಸಿಯ ಸ್ವಿಚ್

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಇವತ್ತಿಗೂ ಅಮ್ಮನ ಮೇಲಿದ್ದ ಆ ಹೊಟ್ಟೆಕಿಚ್ಚು ನೆನಪಾಗುತ್ತದೆ.

ನಾವಾಗ ಅರಬ್ಬರ ನಾಡಿನ ಐನ್ ಖಾಲಿದ್‌ನಲ್ಲಿದ್ದೆವು. ನಮ್ಮ ಹಳೆಯ ಕಾರಿನಲ್ಲಿ ಹಿಂದಿನ ಸೀಟಿನ ಎಸಿಯ ಸ್ವಿಚ್ ಡ್ಯಾಶ್‌ಬೋರ್ಡಿನ ತೀರಾ ಕೆಳಗೆ, ಗೇರಿನ ಪಕ್ಕದಲ್ಲಿತ್ತು. ಕಾರು ಓಡಿಸುತ್ತ ಅಪ್ಪ "ಯಲ್ಲಾ ಮಗಾ, ಬೇಗ ಒತ್ತು" ಎಂದರೆ, ನಾನು ಹಿಂದಿನಿಂದ ಸೀಟುಗಳ ನಡುವೆ ಕೈ ಚಾಚಿ ಅದನ್ನು ಒತ್ತುತ್ತಿದ್ದೆ. ಅದು ನನ್ನೊಬ್ಬಳದೇ ಕೆಲಸ.

ಅಮ್ಮನಿಗೆ ಲೈಸೆನ್ಸ್ ಸಿಕ್ಕಿದ ವಾರವೇ ಅಪ್ಪ ಡ್ರಿಲ್ ಹಿಡಿದರು. ಸ್ಟೀರಿಂಗಿನ ಎಡಕ್ಕೆ, ಅಮ್ಮನ ಬೆರಳಿಗೆ ಸಿಗುವಲ್ಲಿ, ಹೊಗೆಯೇಳುವಂತೆ ತೂತು ಕೊರೆದು ಹೊಸ ಸ್ವಿಚ್ ಕೂರಿಸಿದರು.

"ಅಮ್ಮ ಬಗ್ಗಿದ್ರೆ ರೋಡ್ ಯಾರು ನೋಡುದು ಮಾರಾಯ್ತಿ?"

"ನಾನಿದ್ದೇನಲ್ಲ ಒತ್ಲಿಕ್ಕೆ! ಅಮ್ಮನಿಗೆ ಮಾತ್ರ ಯಾಕೆ ಹೊಸತು?"

ನಾನು ಮಧ್ಯಾಹ್ನ ಊಟ ಮಾಡಲಿಲ್ಲ. "ಹಳೇದು ಅಲ್ಲೇ ಇರ್ಲಿ," ಎಂದಳು ಅಮ್ಮ. ವೈರು ಕಿತ್ತ ಹಳೆಯ ಸ್ವಿಚ್ಚನ್ನು ಅಪ್ಪ ಅದರ ತೂತಿಗೇ ತುರುಕಿದರು.

ಸಂಜೆ ಅಮ್ಮ ಕಾರು ಓಡಿಸಿದಳು. ನಾನು ಸಿಟ್ಟಿನಿಂದ ಕೈ ಚಾಚಿ ಹಳೆಯ ಸ್ವಿಚ್ಚನ್ನೇ ಒತ್ತಿದೆ. ಮುಖಕ್ಕೆ ತಣ್ಣನೆಯ ಗಾಳಿ ಬಂತು.

"ನೋಡಿ, ನಂದೇ ಕೆಲಸ ಮಾಡುದು!" ಎಂದು ಕೂಗಿದೆ.

"ಹೌದು ಮಗಾ, ನಿಂದೇ," ಎಂದಳು ಅಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. ಅವಳ ಎಡಗೈ ಮೆಲ್ಲನೆ ಸ್ಟೀರಿಂಗಿಗೆ ಮರಳಿತು.