ಮುಂದೊಬ್ಬ ಓಡುತ್ತಿರಬೇಕು

ಆಸ್ಪತ್ರೆಯ ಕಾವಲುಗಾರನ ಕೆನ್ನೆ ಕಿವಿಯಿಂದ ಗದ್ದದವರೆಗೆ ಸೀಳಿತ್ತು. ಎರಡನೇ ಮಹಡಿಯ ಕಾರಿಡಾರಿನಲ್ಲಿ ಅವನು ಗೋಡೆಗೆ ಒರಗಿ, ಗೋಡೆಯನ್ನೂ ಕೆಂಪು ಮಾಡುತ್ತ ಕೆಳಗೆ ಜಾರುತ್ತಿದ್ದ. ಸೀಳಿದವನು ಚಾಕು ಹಿಡಿದುಕೊಂಡೇ ಮೆಟ್ಟಿಲ ಕಡೆ ಓಡುತ್ತಿದ್ದ. ಕೊನೆಯ ಕೋಣೆಯ ಬಾಗಿಲ ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಪೇದೆ ಧಿಗ್ಗನೆ ಎದ್ದ. ಎದ್ದವನು ಅಲ್ಲೇ ನಿಂತ.

ಒಳಗೆ ಮಲಗಿದ್ದವಳು ಒಬ್ಬ ಟೈಲರಮ್ಮ. ತನ್ನ ಅಂಗಡಿಯೆದುರು ನಡೆದ ಕೊಲೆಯನ್ನು ಕಣ್ಣಾರೆ ಕಂಡ ತಪ್ಪಿಗೆ ಅವಳ ಕುತ್ತಿಗೆಯನ್ನೂ ಕೊಯ್ದಿದ್ದರು. ಕೆಲಸ ಅರ್ಧಕ್ಕೇ ನಿಂತಿತ್ತು. ಮಾತು ಹೋಗಿತ್ತು, ಕೈ ಬರೆಯುತ್ತಿತ್ತು. ಅಂದು ಹನ್ನೊಂದಕ್ಕೆ ನ್ಯಾಯಾಧೀಶರು ಬಂದು ಅವಳ ಹೇಳಿಕೆ ಪಡೆಯುವವರಿದ್ದರು.

“ಏನ್ ನೋಡ್ತಾ ನಿಂತೆ ತಮ್ಮಾ,” ಎಂದರು ಪಕ್ಕದ ಕುರ್ಚಿಯಲ್ಲಿದ್ದ ದಫೇದಾರರು. “ಹೋಗು. ಬಾಗಿಲು ನಾನು ನೋಡ್ಕೋತೀನಿ.” ಅವನ ಸೊಂಟದಲ್ಲಿದ್ದ ವಾಕಿಟಾಕಿಯನ್ನು ತಾವೇ ಬಿಚ್ಚಿಕೊಂಡರು. “ಇದನ್ನ ಹೊತ್ಕೊಂಡು ಯಾರಾದ್ರೂ ಓಡ್ತಾರಾ?”

ಮೊಬೈಲು ನರ್ಸಿನ ಮೇಜಿನ ಮೇಲೆ ಚಾರ್ಜಿಗಿತ್ತು. ಪೇದೆ ಅದನ್ನೂ ಬಿಟ್ಟು ಓಡಿದ.

ಓಡುವುದು ಅವನಿಗೆ ಹೊಸದಲ್ಲ. ಬೆಳಗಾಗುವ ಮೊದಲೇ ಎದ್ದು ದಿನಕ್ಕೆ ಹದಿನೈದು ಕಿಲೋಮೀಟರ್ ಓಡುತ್ತಿದ್ದ. ಮನೆಯ ಗೋಡೆಯಲ್ಲಿ ಮೊಳೆ ಸಾಲದೆ ಪದಕಗಳು ಒಂದರ ಮೇಲೊಂದು ತೂಗುತ್ತಿದ್ದವು. ಹೆಂಡತಿ ಅವುಗಳ ಜೊತೆಗೇ ಸೌಟನ್ನೂ ನೇತುಹಾಕುತ್ತಿದ್ದಳು. ಠಾಣೆಯಲ್ಲಿ ಮಾತ್ರ ಅವನಿಗೆ ಓಟಗಾರನ ಪಟ್ಟ ಸಿಕ್ಕಿರಲಿಲ್ಲ. ಆರು ವರ್ಷದ ನೌಕರಿಯಲ್ಲಿ ಒಬ್ಬ ಕಳ್ಳನನ್ನೂ ಅಟ್ಟಿ ಹಿಡಿದವನಲ್ಲ. ಕಳ್ಳರು ಒಂದು ಗಲ್ಲಿ ದಾಟುವಷ್ಟರಲ್ಲಿ ಮಾಯವಾಗುತ್ತಿದ್ದರು. ಇವನ ಮೈ ಬಿಸಿಯಾಗುವುದಕ್ಕೇ ಎರಡು ಕಿಲೋಮೀಟರ್ ಬೇಕಿತ್ತು.

ಈ ಕಾವಲಿಗೆ ಬಿದ್ದ ಒಂಬತ್ತು ದಿನಗಳಿಂದ ದಫೇದಾರರದು ಅದೇ ಕುಟುಕು. “ಹಿಂದೆ ನಾಯಿ ಇಲ್ಲ, ಮುಂದೆ ಕಳ್ಳ ಇಲ್ಲ. ಎಷ್ಟು ದೂರ ಹೋದ್ರೂ ಅದು ವಾಯುವಿಹಾರಾನೇ. ಓಟ ಅಂದ್ರೆ ಮುಂದೊಬ್ಬ ಓಡ್ತಿರಬೇಕು ತಮ್ಮಾ.”

ಅವನ ಓಟವನ್ನು ಓಟವೆಂದು ಒಪ್ಪಿದ್ದವಳು ಟೈಲರಮ್ಮ ಒಬ್ಬಳೇ. ದಿನಾ ಬೆಳಿಗ್ಗೆ ಹುಬ್ಬೆತ್ತಿ ಕೇಳುವಳು. ಇವನು ಹತ್ತು ಬೆರಳು, ಆಮೇಲೆ ಐದು ಬೆರಳು ತೋರಿಸುವನು. ಅವಳು ಸ್ಲೇಟಿನ ಮೇಲೆ ಕೂಡಿಡುವಳು. ಅಂದು ಬರೆದು ತೋರಿಸಿದ್ದಳು: ‘ಅಣ್ಣಾ, ನೂರ ಮೂವತ್ತೈದು.’

ಆಸ್ಪತ್ರೆಯ ಗೇಟಿನಲ್ಲಿ ಚಾಕುವಿನವನು ಅಡ್ಡ ಬಂದ ಸ್ಟ್ರೆಚರನ್ನು ಒದ್ದ. ಮೇಲಿದ್ದ ಮುದುಕ ಸಲೈನಿನ ಬಾಟಲಿಯ ಸಮೇತ ನೆಲಕ್ಕುರುಳಿದ. ಮಾರುಕಟ್ಟೆಯಲ್ಲಿ ಅಡ್ಡಗಟ್ಟಿದ ಮೀನಿನವನ ಮುಂಗೈಗೆ ಬೀಸಿದ. ಬುಟ್ಟಿಯ ಮಂಜುಗಡ್ಡೆ ಕೆಂಪಾಯಿತು. ಸೇತುವೆಯ ಮೇಲೆ ಸೈಕಲ್ಲಿನವಳೊಬ್ಬಳನ್ನು ಜುಟ್ಟು ಹಿಡಿದು ಕೆಡವಿದ. ಸೈಕಲ್ಲನ್ನು ಮುಟ್ಟಲಿಲ್ಲ, ಅದನ್ನು ಹಾರಿ ಓಡಿದ. ಪೇದೆಗೆ ಅದೇಕೋ ಮೆಚ್ಚಿಗೆಯಾಯಿತು.

ಹೋ ಎಂದು ಜೊತೆಗೆ ಬಂದ ಜನ ಮಾರುಕಟ್ಟೆಯಲ್ಲೇ ಏದುಸಿರು ಬಿಡುತ್ತ ನಿಂತುಬಿಟ್ಟಿದ್ದರು. ಸೇತುವೆ ದಾಟಿದ ಮೇಲೆ ಉಳಿದವರು ಇಬ್ಬರೇ. ಪೇದೆಯ ಬೂಟು ಹಿಮ್ಮಡಿಯ ಚರ್ಮ ಸುಲಿಯುತ್ತಿತ್ತು. ಮುಂದಿನವನ ಕಾಲಲ್ಲಿ ಓಟದ ಹಗುರ ಶೂ, ಲೇಸಿಗೆ ಎರಡೆರಡು ಗಂಟು. ನಡುವೆ ಐವತ್ತು ಮಾರು; ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ತಿರುವು ಬಂದಾಗಲೆಲ್ಲ ಅವನು ಕೊಂಚ ನಿಧಾನಿಸಿ ಹಿಂದೆ ನೋಡುವನು. ಹೆದರಿದ್ದಾನೆ, ಅಂದುಕೊಂಡ ಪೇದೆ. ಆಗಾಗ ಕೈಗಡಿಯಾರ ನೋಡುವನು. ಅದಂತೂ ಪೇದೆಗೆ ಚೆನ್ನಾಗಿ ಅರ್ಥವಾಯಿತು. ದೂರ ಓಡುವವರೆಲ್ಲ ಹಾಗೆಯೇ, ವೇಗವನ್ನು ನಿಮಿಷಕ್ಕಿಷ್ಟು ಎಂದು ಹಂಚಿಕೊಳ್ಳುತ್ತಾರೆ. ಕೊನೆಗೂ ಒಬ್ಬ ನಿಜವಾದ ಓಟಗಾರ ಸಿಕ್ಕಿದ್ದ, ಅದೂ ಮುಂದೆ.

ಊರಾಚೆಯ ಕಲ್ಲುಕ್ವಾರಿಯಲ್ಲಿ ದಾರಿ ಮುಗಿಯಿತು. ಚಾಕುವಿನವನು ಇನ್ನೊಮ್ಮೆ ಗಡಿಯಾರ ನೋಡಿ ನಿಂತ. ಚಾಕುವನ್ನು ತಾನೇ ಹಳ್ಳಕ್ಕೆಸೆದ.

ಪೇದೆ ನಿಲ್ಲಲಿಲ್ಲ. ಓಡಿಬಂದ ರಭಸದಲ್ಲೇ ಎದೆಗೆ ಗುದ್ದಿ ಕೆಡವಿದ. ಪಕ್ಕೆಗೆ ಮೊಣಕಾಲೂರಿದ, ಒಳಗೇನೋ ಲಟಕ್ಕೆಂದಿತು. ಮೂಗಿಗೊಂದು, ಬಾಯಿಗೊಂದು, ತಿರುಗಿ ಮೂಗಿಗೊಂದು. ಆರು ವರ್ಷ ನುಂಗಿಕೊಂಡಿದ್ದದ್ದೆಲ್ಲ ಮುಷ್ಟಿಯಿಂದ ಇಳಿಯಿತು. ತನ್ನ ಬೆರಳ ಗೆಣ್ಣಿನಲ್ಲಿ ಅವನ ಹಲ್ಲಿನ ಚೂರು ನೆಟ್ಟಿದ್ದು ಸಹ ಗೊತ್ತಾಗಲಿಲ್ಲ. ದಫೇದಾರರ ಮುಖ ನೋಡಬೇಕೆಂದು ಆಸೆಯಾಯಿತು. ಟೈಲರಮ್ಮನಿಗೆ ಎಷ್ಟು ಬೆರಳು ತೋರಿಸುವುದು? ಬೆಳಗಿನದಕ್ಕೆ ಇದನ್ನೂ ಕೂಡಿಸಬೇಕಲ್ಲ.

ಅಂಗಿಯ ಕಾಲರು ಹಿಡಿದು ಅವನನ್ನು ಎತ್ತಿ ಕೂರಿಸಿದ. “ಓಡ್ತೀಯಲ್ಲೋ, ಚೆನ್ನಾಗೇ ಓಡ್ತೀಯ. ಎಷ್ಟು ಕಿಲೋಮೀಟರ್ ಆಯ್ತು?”

ಅವನು ರಕ್ತ ಉಗುಳಿ, ಊದಿಕೊಂಡ ಕಣ್ಣಿನ ಹತ್ತಿರಕ್ಕೆ ಗಡಿಯಾರ ತಂದ. ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿತ್ತು.

“ಹದಿಮೂರು,” ಎಂದ. “ದಫೇದಾರ್ರು ಹನ್ನೆರಡು ಓಡಿಸಿದ್ರೆ ಸಾಕು ಅಂದಿದ್ರು.”