ಎರಡು ದಿನದ ಪಾಲು

ಮೆರವಣಿಗೆಯಲ್ಲಿ ಹಾರಿಬಂದ ಕಲ್ಲು ತಗುಲಿ ಪೊಲೀಸ್ ಪೇದೆಯೊಬ್ಬ ಸತ್ತಿದ್ದ. ಎಸೆದವರು ಯಾರೆಂದು ಗೊತ್ತಾಗದಿದ್ದರೆ ಶಿಕ್ಷೆಯನ್ನು ಮೆರವಣಿಗೆಗೆ ಬಂದವರಿಗೆಲ್ಲ ಸಮನಾಗಿ ಹಂಚುವುದು ಆ ರಾಜ್ಯದ ಕಾನೂನು. ಇಪ್ಪತ್ತು ವರ್ಷದ ಸಜೆಯಲ್ಲಿ ಬ್ಲೌಸ್ ಹೊಲಿಯುವ ಇಂದುಮತಿಯ ಪಾಲಿಗೆ ಬಂದದ್ದು ಎರಡು ದಿನ. ಟವೆಲು, ಸೋಪು, ಬಿಪಿ ಮಾತ್ರೆ ಚೀಲಕ್ಕೆ ಹಾಕಿಕೊಂಡು, ರೇಷನ್ ಅಂಗಡಿಯ ಮುಂದೆ ನಿಂತಂತೆ ಜೈಲಿನ ಬಾಗಿಲಲ್ಲಿ ಸಾಲು ನಿಂತಿದ್ದಳು.

ಮುಂದಿದ್ದ ಕನ್ನಡಕದ ಮನುಷ್ಯ ತಿರುಗಿ ಮೆಲ್ಲಗೆ ಹೇಳಿದ: "ಅಕ್ಕಾ, ನಿಮ್ಮ ಎರಡು ದಿನಾನೂ ನನ್ನ ಹೆಸರಿಗೆ ಬರೆಸಿಬಿಡಿ. ನೀವು ಮನೆಗೆ ಹೋಗಿ."

ಗುರುತು ಪರಿಚಯವಿಲ್ಲದವರ ಸಜೆಯನ್ನು ಸುಮ್ಮಸುಮ್ಮನೆ ಯಾರಾದರೂ ಹೊರುತ್ತಾರೆಯೇ? ಇಂದುಮತಿ ಅವನ ಬಲಗೈಯನ್ನೇ ದಿಟ್ಟಿಸಿದಳು. ಇವನೇ, ಅನುಮಾನವೇ ಇಲ್ಲ. ತನ್ನ ಸರದಿ ಬಂದ ಕೂಡಲೇ ರಿಜಿಸ್ಟರ್ ಬರೆಯುವ ಹೆಂಗಸಿನತ್ತ ಬಗ್ಗಿ, "ಮೇಡಂ, ಆ ಕನ್ನಡಕದವರನ್ನ ಸ್ವಲ್ಪ ವಿಚಾರಿಸಿ. ಬೇರೆಯವರ ಸಜೆ ಕೇಳ್ತಿದ್ದಾರೆ" ಎಂದಳು.

ಆಕೆ ತಲೆ ಎತ್ತಲಿಲ್ಲ. "ಹಾಗೆ ಕೇಳಿದವರು ಬೆಳಗ್ಗೆಯಿಂದ ನಲವತ್ತು ಜನ ಆದರು. ಎಲ್ಲರೂ ಒಂದೊಂದು ಕಲ್ಲು ಎಸೆದವರೇ. ಯಾರದ್ದು ತಗುಲಿತು ಅಂತ ಅವರಿಗೇ ಗೊತ್ತಿಲ್ಲ. ನಿಮ್ಮದು ಎರಡೇ ದಿನ ತಾನೆ?"

ಇಂದುಮತಿ ಹಿಂದಕ್ಕೆ ತಿರುಗಿದಳು. ತಾನು ಎಸೆದ ಕಲ್ಲು ಎಲ್ಲಿ ಬಿತ್ತೆಂದು ಅವಳೂ ನಿಂತು ನೋಡಿರಲಿಲ್ಲ.

ಹಿಂದೆ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸು ನಿಂತಿದ್ದಳು.

"ತಂಗೀ," ಎಂದಳು ಇಂದುಮತಿ, "ನಿನ್ನ ಎರಡು ದಿನ ನನಗೆ ಕೊಡ್ತೀಯಾ?"

ಆ ಹೆಂಗಸು ಮೊದಲು ನೋಡಿದ್ದು ಇಂದುಮತಿಯ ಬಲಗೈಯನ್ನು.